ನಂದಿ ಮುಂದೆ ಒಂದು ಗೋಲಿನ ಜಗಳ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಉಸಿರು ಉಳಿಸಿಕೊಳ್ಳಬೇಕು. ನಮ್ಮ ಗುಂಪಿಗೆ ಅದು ಗೊತ್ತಿಲ್ಲ. ನಂದಿ ಹತ್ತಿರ ಬರೋ ಹೊತ್ತಿಗೆ ಬೆಂಗಳೂರು ಎಫ್‌ಸಿ ಜಗಳ ಜೋರಾಗಿತ್ತು. "ಒಳ್ಳೆ ಫಾರಿನ್ ಸ್ಟ್ರೈಕರ್ ತಂದ್ರೆ ಮುಗೀತು ಗುರು" ಅಂತ ಒಬ್ಬ. "ಇಲ್ಲೇ ಬೆಳೆಸ್ಬೇಕು ಮಗಾ" ಅಂತ ಇನ್ನೊಬ್ಬ.

2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ದಿತು, 2019ರಲ್ಲಿ ಐಎಸ್‌ಎಲ್. 2023-24ರಲ್ಲಿ 12 ತಂಡಗಳಲ್ಲಿ 10ನೇ ಸ್ಥಾನಕ್ಕೆ ಕುಸಿಯಿತು. ಮರುವರ್ಷ ಚೇತರಿಸಿಕೊಂಡು ಫೈನಲ್ ತನಕ ಹೋಯಿತು, ನಿಜ. ಆದರೆ ಆ ಸೀಸನ್ನಲ್ಲಿ 14 ಗೋಲು ಹೊಡೆದದ್ದು ಯಾರು? 40 ವರ್ಷದ ಸುನಿಲ್ ಛೆಟ್ರಿ! ಮನೆ ಹೊಸದು, ಕಂಬ ಹಳೇದೇ.

ಗೋಲಿನ ಬರ ನಮಗೆ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಎರಡು ಪೆನಾಲ್ಟಿ ಕೈಚೆಲ್ಲಿ ಫ್ರಾನ್ಸ್‌ಗೆ 1-2ರಿಂದ ಸೋತಿತು. ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು, ಮೈಸೂರು ತಂಡದ ಆಟಗಾರ ಸಾರಂಗಪಾಣಿ ರಾಮನ್ ಅವರದು. ಅಂಥವರನ್ನು ಬೆಳೆಸಿದ ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಕೊನೆಯದು 1968-69ರಲ್ಲಿ. ಆಮೇಲೆ 54 ವರ್ಷ ಕೈ ಖಾಲಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಬರ ನೀಗಿಸಿತು. ಆ ಟೂರ್ನಿಯಲ್ಲಿ ಫಾರಿನ್ ಸ್ಟ್ರೈಕರ್‌ಗೆ ಜಾಗವೇ ಇಲ್ಲ.

ಹಾಗಾಗಿ ನನ್ನ ವೋಟು ಎರಡನೆಯವನಿಗೆ. ಕೊಂಡ ಸ್ಟ್ರೈಕರ್ ಒಂದು ಸೀಸನ್ ಉಳಿಸ್ತಾನೆ, ಬೆಳೆಸಿದವನು ಒಂದು ತಲೆಮಾರು. ಆದರೆ ಬೆಳೆಸೋಕೆ ವರ್ಷಗಳು ಬೇಕು, ಛೆಟ್ರಿ ಹತ್ತಿರ ಅಷ್ಟು ವರ್ಷ ಇಲ್ಲ. ಇದಕ್ಕೆ ಮಾತ್ರ ನಮ್ಮಿಬ್ಬರಲ್ಲೂ ಉತ್ತರ ಇರಲಿಲ್ಲ. ಮೇಲೆ ಇನ್ನೂ ಮೆಟ್ಟಿಲು ಬಾಕಿ ಇತ್ತು, ಸುಮ್ಮನೆ ಹತ್ತಿದೆವು.