ವಿಡಿಯೊ ಸಂಚಾರ ವಿಶ್ಲೇಷಣೆ

ರಸ್ತೆ ಕ್ಯಾಮೆರಾದ ದೃಶ್ಯಗಳಿಂದ ವಾಹನಗಳ ಸಂಖ್ಯೆ, ವೇಗ, ಸರತಿಯ ಉದ್ದ ಮತ್ತು ನಿಯಮ ಉಲ್ಲಂಘನೆಗಳನ್ನು ಕಂಪ್ಯೂಟರ್ ತಾನೇ ಗುರುತಿಸುವ ತಂತ್ರಜ್ಞಾನ. ಡಾಂಬರು ಕೊರೆದು ಹೂಳುವ ತಂತಿಸುರುಳಿಯ ಸಂವೇದಕಗಳಿಗೆ ಬದಲಿಯಾಗಿ ಬೆಳೆಯಿತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಆಟೊಸ್ಕೋಪ್ ಇದರ ಆರಂಭದ ಪ್ರಮುಖ ವ್ಯವಸ್ಥೆ. ಪರದೆಯ ಮೇಲೆ ಗುರುತಿಸಿದ ಜಾಗದಲ್ಲಿ ಚಿತ್ರ ಬದಲಾದರೆ ವಾಹನ ದಾಟಿತೆಂದು ಲೆಕ್ಕ ಹಿಡಿಯುವ ಇಂಥ ವಿಧಾನಗಳನ್ನು ನೆರಳು, ಮಳೆ, ಹೆಡ್‌ಲೈಟುಗಳು ಏಮಾರಿಸುತ್ತಿದ್ದವು.

ಹೊಸ ತಂತ್ರಾಂಶಗಳು ನರಜಾಲ ಮಾದರಿಗಳ ನೆರವಿನಿಂದ ಬಸ್ಸು, ಆಟೊ, ಬೈಕು, ಪಾದಚಾರಿಗಳನ್ನು ಬೇರೆಬೇರೆಯಾಗಿ ಗುರುತಿಸಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು ಅದರ ಹಾದಿಯನ್ನು ಹಿಂಬಾಲಿಸುತ್ತವೆ. ಎರಡು ಹಾದಿಗಳು ಎಷ್ಟು ಸೆಕೆಂಡಿನ ಅಂತರದಲ್ಲಿ ಒಂದನ್ನೊಂದು ದಾಟಿದವು ಎಂದು ಅಳೆದರೆ, ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳೂ ದಾಖಲಾಗುತ್ತವೆ. ಅಪಾಯದ ವೃತ್ತವೊಂದನ್ನು ಗುರುತಿಸಲು ಅಲ್ಲಿ ಜನ ಸಾಯುವವರೆಗೆ ಕಾಯಬೇಕಿಲ್ಲ. ಎಲ್ಲ ಸೌಲಭ್ಯಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ಇದೇ. ಕಂಬದ ಬಳಿಯ ಉಪಕರಣದಲ್ಲೇ ವಿಶ್ಲೇಷಣೆ ಮುಗಿಸಿ ಬರೀ ಅಂಕಿಗಳನ್ನು ಕೇಂದ್ರಕ್ಕೆ ಕಳಿಸುವ ಏರ್ಪಾಡೂ ಬಂದಿದೆ. ಇದರಿಂದ ಜಾಲದ ಹೊರೆ ತಗ್ಗುತ್ತದೆ, ದಾರಿಹೋಕರ ಮುಖಗಳು ಎಲ್ಲೆಲ್ಲೋ ಸಂಗ್ರಹವಾಗುವುದೂ ತಪ್ಪುತ್ತದೆ.

ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಿಗೆ ಇಂಥ ವ್ಯವಸ್ಥೆ ಬಂತು. ಸಿಗ್ನಲ್ ಜಿಗಿತ, ಹೆಲ್ಮೆಟ್ ಇಲ್ಲದ ಸವಾರಿ ಮೊದಲಾದವನ್ನು ಕ್ಯಾಮೆರಾ ಹಿಡಿಯುತ್ತದೆ; ನಂಬರ್ ಪ್ಲೇಟ್ ಓದಿ ಮಾಲೀಕರಿಗೆ ದಂಡದ ಸಂದೇಶ ಹೋಗುತ್ತದೆ. ಪಥಶಿಸ್ತಿಲ್ಲದೆ ಒತ್ತೊತ್ತಾಗಿ ಸಾಗುವ ನಮ್ಮ ರಸ್ತೆಗಳಲ್ಲಿ ಬಸ್ಸಿನ ಮರೆಗೆ ಸರಿದ ಬೈಕನ್ನು ಎಣಿಸುವುದು ಇಂದಿಗೂ ಕಷ್ಟದ ಕೆಲಸ. ಹೊರನಾಡಿನ ರಸ್ತೆಗಳ ಚಿತ್ರಗಳಿಂದಷ್ಟೇ ಕಲಿತ ಮಾದರಿಗೆ ಆಟೊರಿಕ್ಷಾ ಏನೆಂಬುದೇ ತಿಳಿದಿರುವುದಿಲ್ಲ.