ತೇರಿನ ಮುಂದಿನ ಕ್ಲಾರಿನೆಟ್



ನವೆಂಬರ್ 22 ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಾರ ಹಬ್ಬ. ಅಂದು ನಾವು ಗಾನವೃಂದದವರನ್ನು ನೆನೆಯುತ್ತೇವೆ. ತೇರಿನ ಮುಂದೆ ಧೂಳಿನಲ್ಲಿ ಊದುತ್ತಾ ನಡೆದ ಬ್ಯಾಂಡಿನವರನ್ನು ಮರೆಯುತ್ತೇವೆ. ಅವರ ಹಳೆಯ ವಾದ್ಯಗಳನ್ನು ಹುಡುಕುತ್ತಾ ನಾವು ಮೈಸೂರಿನ ಕುಂಬಾರಕೊಪ್ಪಲಿಗೆ ಹೋದೆವು. ಹೆಸರೇ ಹೇಳುವಂತೆ ಅದು ಮಡಕೆ ಮಾಡುವವರ ಕೊಪ್ಪಲು. ಮಣ್ಣಿನಿಂದ ಮಾಡಿದ ಮಾನವನಿಗೆ ದೇವರು ಉಸಿರೂದಿದ ಆದಿಕಾಂಡದ ಪ್ರಸಂಗ ಅಲ್ಲಿ ತಾನಾಗಿ ನೆನಪಾಯಿತು.

ಒಂದು ಮನೆಯ ಅಟ್ಟದಿಂದ ಮರದ ಪೆಟ್ಟಿಗೆ ಇಳಿಯಿತು. ಒಳಗೆ ಕರಿಮರದ ಕ್ಲಾರಿನೆಟ್. ಕಾರ್ಕ್ ಒಣಗಿತ್ತು, ರಂಧ್ರ ಮುಚ್ಚುವ ಮೆತ್ತೆಗಳನ್ನು ಹುಳು ತಿಂದಿತ್ತು. ಆ ಮನೆಯವರು ನಮ್ಮ ಧರ್ಮಸಭೆಯವರಲ್ಲ. ಆದರೂ ಹಿರಿಯರ ತಂದೆ ಮದುವೆ, ಜಾತ್ರೆಗಳಿಗೆ ಊದಿದಂತೆಯೇ ನಮ್ಮ ಸಂತರ ಹಬ್ಬಗಳಿಗೂ ಊದಿದ್ದರಂತೆ. ಗಾಜಿನ ಬೀರುವಿನಲ್ಲಿಡಲು ಯಾರೋ ಒಳ್ಳೆಯ ಬೆಲೆಗೆ ಕೇಳಿದ್ದರು. "ಇದು ನಮ್ಮಪ್ಪಂದು ಸ್ವಾಮಿ, ಮಾರಾಕಿಲ್ಲ. ಊದೋರಿದ್ರೆ ತಗಂಡೋಗಿ" ಎಂದರು ಹಿರಿಯರು.

ಮೈಸೂರಿನಲ್ಲಿ ಇಂಥ ವಾದ್ಯಗಳಿಗೆ ಅರಮನೆಯ ಆಶ್ರಯ ದೊರೆತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಆಟೋ ಸ್ಮಿತ್ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದರು. ಮುಂದೆ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದರ ನಾದ ಕೇಳಿಯೇ. 1933ರಲ್ಲಿ ಸಂತ ಫಿಲೋಮಿನಾ ದೇವಾಲಯಕ್ಕೆ ಅಡಿಗಲ್ಲು ಇಟ್ಟವರೂ ಈ ನಾಲ್ವಡಿಯವರೇ.

ಆದರೆ ಅಂದಿನ ದೇವಾಲಯದೊಳಗೆ ಬ್ಯಾಂಡಿಗೆ ಜಾಗವಿರಲಿಲ್ಲ. 1903ರ ನವೆಂಬರ್ 22ರಂದು, ಸಂತ ಸಿಸಿಲಿಯಾರ ಹಬ್ಬದಂದೇ, ಜಗದ್ಗುರು ಹತ್ತನೇ ಪಿಯುಸ್ ಪವಿತ್ರ ಸಂಗೀತದ ನಿಯಮಗಳನ್ನು ಹೊರಡಿಸಿದರು. ದೇವಾಲಯದಲ್ಲಿ ಬ್ಯಾಂಡ್ ಕೂಡದು. ಊದುವ ವಾದ್ಯ ಬೇಕಾದರೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕು, ಅದೂ ಮಿತವಾಗಿ. ಹೊರಗಿನ ಮೆರವಣಿಗೆಗೆ ಅವರು ಅನುಮತಿ ಕೊಡಬಹುದಿತ್ತು, ಲೌಕಿಕ ಹಾಡುಗಳನ್ನು ನುಡಿಸಬಾರದೆಂಬ ಷರತ್ತಿನೊಡನೆ. ಕಾರಣವಿಲ್ಲದೆ ಮಾಡಿದ ನಿಯಮವಲ್ಲ. ಆಗ ಯೂರೋಪಿನ ದೇವಾಲಯಗಳಿಗೆ ನಾಟಕಶಾಲೆಯ ಸಂಗೀತ ನುಗ್ಗಿತ್ತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಅಧಿಕಾರಿಗಳ ಒಪ್ಪಿಗೆಯ ಮೇಲೆ ಬಾಗಿಲು ತೆರೆಯಿತು. ಬಾಗಿಲು ತೆರೆದ ಮೇಲೆ ಊದುವವರನ್ನು ನಾವು ಒಳಗೆ ಕರೆದೆವೇ? ಕೀಬೋರ್ಡನ್ನು ತಂದೆವು.

ಹಿರಿಯರ ಕ್ಲಾರಿನೆಟ್ಟಿಗೆ ಹೊಸ ಮೆತ್ತೆ ಹಾಕಿಸಿ, ಹೊಸ ರೀಡ್ ಕಟ್ಟಿಸಿದೆವು. ಗಾನವೃಂದದ ಅಭ್ಯಾಸಕ್ಕೆ ತಂದರೆ ಕೀಬೋರ್ಡಿನೊಡನೆ ಶ್ರುತಿ ಕೂಡಲೊಲ್ಲದು! ವಾದ್ಯ ಕೆಟ್ಟಿದೆ ಎಂದರು ಹುಡುಗರು. ಕೆಟ್ಟಿರಲಿಲ್ಲ. ಬ್ರಿಟಿಷ್ ಸೇನಾ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೂ ಏರು ಶ್ರುತಿಯಲ್ಲಿ ನುಡಿಸುತ್ತಿದ್ದವು. ಅವುಗಳಿಗಾಗಿ ಮಾಡಿದ ವಾದ್ಯಗಳು ಇಂದಿನ ಶ್ರುತಿಗಿಂತ ಸುಮಾರು ಅರ್ಧ ಸ್ವರಾಂತರ ಮೇಲೆ, ಕೀಬೋರ್ಡಿನ ಎರಡು ಮನೆಗಳ ನಡುವೆ ನುಡಿಯುತ್ತವೆ. ಇದೂ ಆ ಜಾತಿಯದೇ. ಮರದ ಕೊಳವೆಯನ್ನು ಎಷ್ಟು ಎಳೆದರೂ ಅಷ್ಟು ಇಳಿಯದು.

ಕೀಬೋರ್ಡಿನಲ್ಲಿ ಶ್ರುತಿ ಏರಿಸುವ ಗುಂಡಿಯೊಂದಿದೆ. ಈ ಸಲದ ಹಬ್ಬಕ್ಕೆ ಅದನ್ನೇ ಏರಿಸಿದ್ದೇವೆ. ಹಿರಿಯರು ಮುಂದಿನ ಸಾಲಿನಲ್ಲಿ ಕೂರಲು ಒಪ್ಪಿದ್ದಾರೆ.