ದಿಲ್ಮುನ್ ಅರಸನ ಸಮಾಧಿಯ ಶೋಧ

ಕತಾರಿನ ಪಶ್ಚಿಮ ಕರಾವಳಿಯ ದುಖಾನ್ ಆ ದೇಶದ ಮೊದಲ ತೈಲಬಾವಿಯ ಊರೆಂದು ಪ್ರಸಿದ್ಧವಾಗಿದ್ದರೂ, ಅದರ ಸುತ್ತಲಿನ ನೆಲಕ್ಕೆ ತೈಲಕ್ಕಿಂತ ಬಹಳ ಹಳೆಯ ಚರಿತ್ರೆಯಿದೆ. ಊರಿನ ದಕ್ಷಿಣಕ್ಕಿರುವ ಅಲ್ ದಾಸಾದಲ್ಲಿ ಬಿಯಾಟ್ರಿಸ್ ಡಿ ಕಾರ್ಡಿ 1973-74ರಲ್ಲಿ ನಡೆಸಿದ ಉತ್ಖನನದಲ್ಲಿ ಮೆಸೊಪೊಟೇಮಿಯದ ಉಬೈದ್ ಕಾಲದ, ಅಂದರೆ ಕ್ರಿ.ಪೂ. ಐದನೇ ಸಹಸ್ರಮಾನದ ಆಸುಪಾಸಿನ ಮಡಕೆಚೂರುಗಳೂ ಒಲೆಗಳ ಕುರುಹುಗಳೂ ದೊರೆತವು. ಇದೇ ಕರಾವಳಿಯ ಎದುರು, ಕೊಲ್ಲಿಯ ಆಚೆ ಇರುವ ಬಹ್ರೇನ್ ದ್ವೀಪವು ಮುಂದೆ ದಿಲ್ಮುನ್ ಎಂಬ ರಾಜ್ಯದ ಕೇಂದ್ರವಾಗಿ ಮೆಸೊಪೊಟೇಮಿಯ ಮತ್ತು ಸಿಂಧೂ ಕಣಿವೆಗಳ ನಡುವಣ ವ್ಯಾಪಾರವನ್ನು ನಡೆಸಿತು.

ಆ ರಾಜ್ಯದ ಅರಸರ ಸಮಾಧಿಗಳೆಂದು ಊಹಿಸಲಾದ ದೊಡ್ಡ ದಿಬ್ಬಗಳು ಬಹ್ರೇನಿನ ಆಲಿ ಗ್ರಾಮದಲ್ಲಿದ್ದರೂ ಅವುಗಳಲ್ಲಿ ಮಲಗಿದವರು ಯಾರೆಂಬ ಪ್ರಶ್ನೆ ನೂರು ವರ್ಷ ದಾಟಿದರೂ ಬಗೆಹರಿಯಲಿಲ್ಲ. ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಡ್ಯೂರಾಂಡ್ 1879ರ ಸುಮಾರಿಗೆ ಪತ್ತೆಹಚ್ಚಿದ ಕಪ್ಪು ಕಲ್ಲೊಂದರ ಮೇಲೆ ರಿಮುಮ್ ಎಂಬ ವ್ಯಕ್ತಿಯ ಅರಮನೆಯ ಉಲ್ಲೇಖ ಕ್ಯೂನಿಫಾರ್ಮ್‌ನಲ್ಲಿ, ಅಂದರೆ ಬೆಣೆಯಾಕಾರದ ಲಿಪಿಯಲ್ಲಿ, ಇತ್ತು. ಆತ ಇನ್ಜಾಕ್ ದೇವರ ಸೇವಕ, ಅಗಾರುಮ್‌ನವನು ಎಂದೂ ಅದು ಹೇಳುತ್ತಿತ್ತು. ಆದರೆ ಆ ಹೆಸರನ್ನು ಯಾವ ದಿಬ್ಬಕ್ಕೂ ಜೋಡಿಸುವುದು ಆಗ ಸಾಧ್ಯವಾಗಲಿಲ್ಲ. 1889ರಲ್ಲಿ ಅಗೆದ ಥಿಯೊಡೋರ್ ಬೆಂಟ್ ಇವು ಫಿನೀಷಿಯನ್ನರ ಸಮಾಧಿಗಳೆಂದು ನಂಬಿದರೆ, 1925ರಲ್ಲಿ ಬಂದ ಅರ್ನೆಸ್ಟ್ ಮೆಕೆ, ವಾಸದ ನೆಲೆಗಳು ಕಾಣದ ಕಾರಣ, ದ್ವೀಪವೇ ಅರೇಬಿಯಾದ ಜನರ ಶ್ಮಶಾನವೆಂದು ಭಾವಿಸಿದರು.

1953ರಿಂದ ಪಿ. ವಿ. ಗ್ಲಾಬ್ ಮತ್ತು ಜೆಫ್ರಿ ಬಿಬ್ಬಿ ಅವರ ನೇತೃತ್ವದ ಡೇನಿಷ್ ತಂಡ ಕಲಾತ್ ಅಲ್-ಬಹ್ರೇನ್‌ನಲ್ಲಿ ನಗರವನ್ನೇ ಅಗೆದು ತೆಗೆದು, ಅಲ್ಲಿ ಸಿಂಧೂ ಕಣಿವೆಯ ತೂಕದ ಕಲ್ಲುಗಳನ್ನು ಕಂಡಾಗ ಮೆಕೆಯ ಊಹೆ ಬಿದ್ದುಹೋಯಿತು; ಅದೇ ತಂಡ 1956ರಿಂದ ಕತಾರಿನಲ್ಲೂ ಶೋಧ ನಡೆಸಿತು. ಅಂತಿಮ ಸುಳಿವು ದೊರೆತದ್ದು ಈ ಶತಮಾನದಲ್ಲಿ. ಸ್ಟೆಫನ್ ಲಾರ್ಸೆನ್ ಅವರ ತಂಡಕ್ಕೆ ಆಲಿಯ ಎಂಟನೇ ರಾಜದಿಬ್ಬದಲ್ಲಿ ಸಿಕ್ಕ ಕಲ್ಲಿನ ಪಾತ್ರೆಯ ಚೂರುಗಳ ಮೇಲೆ ರಿಮುಮ್‌ನ ಮಗ ಯಾಗ್ಲಿ-ಎಲ್‌ನ ಹೆಸರಿತ್ತು. ದಿಬ್ಬವನ್ನು ಪ್ರಾಚೀನ ಕಳ್ಳರು ಬಹುಮಟ್ಟಿಗೆ ಬರಿದುಮಾಡಿದ್ದರೂ, ಅವರಿಗೆ ಬೇಡವಾದ ಈ ಚೂರುಗಳೇ ಕ್ರಿ.ಪೂ. 1700ರ ಆಸುಪಾಸಿನ ಸಮಾಧಿಗೆ ಒಡೆಯನ ಹೆಸರನ್ನು ತಂದುಕೊಟ್ಟವು. ಡ್ಯೂರಾಂಡ್ ಕಂಡ ಹೆಸರೂ ಅದರಿಂದ ಒಂದು ರಾಜವಂಶದೊಳಗೆ ಸ್ಥಾನ ಪಡೆಯಿತು.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ನೂರಾರು ಶಿಲಾಸಮಾಧಿಗಳು ಬರಹವಿಲ್ಲದ ಕಾಲದವಾದ್ದರಿಂದ ಹೆಸರಿಲ್ಲದೆ ಉಳಿದಿವೆ ಎಂಬುದನ್ನು ನೆನೆದರೆ, ಸಮಾಧಿಯ ಶೋಧದಲ್ಲಿ ಗಾತ್ರಕ್ಕಿಂತ, ಚಿನ್ನಕ್ಕಿಂತ ನಾಲ್ಕಕ್ಷರದ ಬೆಲೆ ಎಷ್ಟು ದೊಡ್ಡದೆಂಬುದು ಸ್ಪಷ್ಟವಾಗುತ್ತದೆ. 17 ರಾಜದಿಬ್ಬಗಳೂ ಸೇರಿದಂತೆ ದಿಲ್ಮುನ್ ಸಮಾಧಿ ದಿಬ್ಬಗಳನ್ನು ಯುನೆಸ್ಕೊ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.